ಚಿಗರಿಯ ಜಾಡು, ಮೀನಿನ ಗಾಳ

ನಮ್ಮ ಧಾರವಾಡ ಜಿಲ್ಲೆಯ ನೆಲ ಎರಡು ಬಗೆ. ಮೂಡಲಕ್ಕೆ ಹೋದರೆ ನವಲಗುಂದ, ಅಣ್ಣಿಗೇರಿ, ಕುಂದಗೋಳ. ಅಲ್ಲಿ ಎರಿ ಭೂಮಿ. ಕಣ್ಣು ಹಾಯುವ ತನಕ ಕರಿ ಹೊಲ. ಗಿಡಮರ ಕಡಿಮೆ. ಪಡುವಲಕ್ಕೆ ಹೋದರೆ ಕಲಘಟಗಿ. ಅಲ್ಲಿ ಮಳೆ ಹೆಚ್ಚು. ಭತ್ತದ ಗದ್ದೆ, ಅಡವಿ, ಊರಿಗೊಂದು ಕೆರೆ.

ಎರಿ ನಾಡಿನಲ್ಲಿ ಒಂದು ಕಾಲಕ್ಕೆ ಬೇಟೆಗಾರರಿದ್ದರು. ಕೆರೆಯ ನಾಡಿನಲ್ಲಿ ಇಂದಿಗೂ ಮೀನುಗಾರರಿದ್ದಾರೆ. ಇವರು ಬಿತ್ತುವವರಲ್ಲ, ಬೆಳೆಯುವವರಲ್ಲ. ನೆಲದ ಮೇಲೆ ಓಡುವುದನ್ನು, ನೀರಿನಲ್ಲಿ ಈಜುವುದನ್ನು ಹಿಡಿದು ಹೊಟ್ಟೆ ಹೊರೆದವರು. ಇವರ ಬದುಕು ಹೇಗಿತ್ತು? ಈಗ ಹೇಗಿದೆ? ಒಂದು ಕಾಳೂ ಬೆಳೆಯದ ಹಿಮದ ನಾಡಿನಲ್ಲಿ ಬೇಟೆಗಾರ ಹೇಗೆ ಬದುಕುತ್ತಾನೆ? ಬನ್ನಿ, ಒಂದೊಂದಾಗಿ ನೋಡೋಣ.

ನೆಲವೇ ಪುಸ್ತಕ

ನವಲಗುಂದ ತಾಲೂಕಿನ ಒಂದು ಊರಿನ ಕಟ್ಟೆಯ ಮೇಲೆ ಒಬ್ಬ ಅಜ್ಜ ನಮಗೆ ಸಿಕ್ಕರು. ವಯಸ್ಸು ಎಪ್ಪತ್ತು ದಾಟಿದೆ. ಅವರ ತಂದೆ ಶಿಕಾರಿಯವರು.

"ಅಜ್ಜಾ, ನಿಮ್ಮಪ್ಪಗ ಓದಾಕ ಬರತಿತ್ತೇನ್ರಿ?" ಎಂದು ಕೇಳಿದೆವು.

ಅಜ್ಜ ನಕ್ಕರು. "ಅಕ್ಷರ ಬರತಿದ್ದಿಲ್ಲ ತಮ್ಮಾ. ಆದ್ರ ನೆಲಾ ಓದತಿದ್ದ. ಹೆಜ್ಜಿ ನೋಡಿ ಹೇಳತಿದ್ದ. ಇದು ಗಂಡು ಚಿಗರಿ, ಇದು ಹೆಣ್ಣು. ಇದು ನಿನ್ನಿ ಸಂಜಿ ಹೋಗೇತಿ, ಇದು ಈಗ ಹೋಗೇತಿ ಅಂತ. ನಮಗ ನೆಲಾನ ಪುಸ್ತಕ ಇತ್ತು."

ಚಿಗರಿ ಅಂದರೆ ಕೃಷ್ಣಮೃಗ. ಗಂಡಿಗೆ ಸುರುಳಿ ಸುತ್ತಿದ ಉದ್ದ ಕೊಂಬು. ಬೆಳೆದ ಗಂಡಿನ ಬೆನ್ನು ಕಪ್ಪು, ಹೊಟ್ಟೆ ಬಿಳಿ. ಹೆಣ್ಣಿಗೆ ಸಾಮಾನ್ಯವಾಗಿ ಕೊಂಬು ಇರುವುದಿಲ್ಲ. ಮೈ ಕಂದು ಬಣ್ಣ. ಇದು ದಟ್ಟ ಅಡವಿಯ ಪ್ರಾಣಿಯಲ್ಲ. ಬಯಲಿನ ಪ್ರಾಣಿ. ಅದಕ್ಕೇ ನಮ್ಮ ಎರಿ ಹೊಲ ಅದಕ್ಕೆ ಇಷ್ಟ. ಪ್ರಾಣ ಉಳಿಸಿಕೊಳ್ಳಲು ಓಡಿದರೆ ತಾಸಿಗೆ 80 ಕಿಲೋಮೀಟರ್ ವೇಗ. ಹುಬ್ಬಳ್ಳಿ-ಧಾರವಾಡದ ನಡುವೆ 2018ರಲ್ಲಿ ಓಡಾಟ ಸುರುವಾದ ಹೊಸ ಬಸ್ಸಿಗೆ 'ಚಿಗರಿ' ಎಂದು ಹೆಸರಿಟ್ಟದ್ದು ಈ ಓಟ ನೋಡಿಯೇ.

ಇಂಥ ಪ್ರಾಣಿಯನ್ನು ಬರಿಗಾಲಿನ ಮನುಷ್ಯ ಹಿಡಿಯುವುದು ಹೇಗೆ? ಹರಣಶಿಕಾರಿ ಜನರಿಗೆ ಅದು ಗೊತ್ತಿತ್ತು. ಅವರು ಒಂದು ಎತ್ತನ್ನು ಪಳಗಿಸುತ್ತಿದ್ದರು. ಎತ್ತು ಮೇಯುತ್ತ ಮೇಯುತ್ತ ಮುಂದೆ ಹೋಗುವುದು. ಬೇಟೆಗಾರ ಅದರ ಮರೆಯಲ್ಲಿ ಬಗ್ಗಿ ನಡೆಯುವುದು. ಚಿಗರಿ ಹಿಂಡು ಎತ್ತಿಗೆ ಹೆದರುವುದಿಲ್ಲ. ಹತ್ತಿರ ಹೋದ ಮೇಲೆ ಉರುಲು ಒಡ್ಡುವುದು. ಆಮೇಲೆ ಹಿಂಡನ್ನು ಮೆಲ್ಲಗೆ ಆ ಕಡೆ ತಿರುಗಿಸುವುದು. ಬಂದೂಕು ಇಲ್ಲ, ಗುಂಡು ಇಲ್ಲ. ಹುರಿ, ಗೂಟ ಮತ್ತು ತಾಳ್ಮೆ, ಇಷ್ಟೇ ಆಯುಧ.

ಮೊಲ, ಗೌಜಗ, ಬುರ್ಲಿ ಹಕ್ಕಿಗೆ ಬೇರೆ ಬೇರೆ ಬಲೆ. ಕೈಗೆ ಏನೂ ಸಿಗದ ದಿನ ಮನೆಯಲ್ಲಿ ಒಲೆ ಹೊತ್ತುತ್ತಿರಲಿಲ್ಲ. ಅಜ್ಜ ಒಂದು ಮಾತು ಹೇಳಿದರು. "ಮರಿ ಹಾಕಿದ ಚಿಗರಿ ಉರುಲಿಗೆ ಬಿದ್ರ ನಮ್ಮಪ್ಪ ಬಿಟ್ಟ ಬಿಡತಿದ್ದ. ತಾಯಿ ಕೊಂದ್ರ ಬರೋ ವರ್ಷ ಏನ ತಿಂತಿ ಅನ್ನಾಂವ."

ಬೇಟೆಗಾರನನ್ನೇ ಬೇಟೆಯಾಡಿದ ಕಾಲ

ಬೇಟೆಗಾರನ ಕೈಯಲ್ಲಿ ಆಯುಧ ಇರುತ್ತದೆ. ಆಳುವವರಿಗೆ ಅದೇ ಭಯ. 1857ರಲ್ಲಿ ಬ್ರಿಟಿಷರು ಜನರ ಆಯುಧ ಕಿತ್ತುಕೊಳ್ಳುವ ಕಾಯ್ದೆ ತಂದರು. ಮುಧೋಳದ ಹತ್ತಿರ ಹಲಗಲಿ ಎಂಬ ಊರಿದೆ. ಅಲ್ಲಿಯ ಬೇಡರು "ಆಯುಧ ಕೊಡುವುದಿಲ್ಲ" ಎಂದರು. ಬೇಟೆಗಾರನಿಗೆ ಆಯುಧ ಅಂದರೆ ರೈತನಿಗೆ ಕೂರಿಗೆ ಇದ್ದ ಹಾಗೆ. ಅದನ್ನು ಕೊಟ್ಟು ಬದುಕುವುದು ಹೇಗೆ? ಬ್ರಿಟಿಷರ ಸೈನ್ಯ ಬಂದು ಊರಿಗೆ ಬೆಂಕಿ ಹಚ್ಚಿತು. ಹಲವರನ್ನು ಗಲ್ಲಿಗೆ ಏರಿಸಿದರು. ಹಲಗಲಿಯ ಬೇಡರ ಕಥೆಯನ್ನು ನಮ್ಮ ಲಾವಣಿಕಾರರು ಇಂದಿಗೂ ಹಾಡುತ್ತಾರೆ.

1871ರಲ್ಲಿ ಇನ್ನೊಂದು ಕಾಯ್ದೆ ಬಂತು. ಕೆಲವು ಅಲೆಮಾರಿ ಜಾತಿಗಳಲ್ಲಿ ಹುಟ್ಟಿದವರೆಲ್ಲ ಅಪರಾಧಿಗಳು ಎಂದು ಬರೆದ ಕಾಯ್ದೆ ಅದು. ಹುಟ್ಟಿದ ಕೂಸಿಗೂ ಅದೇ ಹಣೆಪಟ್ಟಿ! ಮುಂದೆ ಇಂಥವರನ್ನು ತಂದು ಹುಬ್ಬಳ್ಳಿಯಲ್ಲಿ ತಂತಿಬೇಲಿಯೊಳಗೆ ಇಟ್ಟರು. ದಿನಾ ಹಾಜರಿ ಕೊಡಬೇಕು. ಕೇಳದೆ ಹೊರಗೆ ಹೋಗುವ ಹಾಗಿಲ್ಲ. ಹುಬ್ಬಳ್ಳಿಯ ಆ ಭಾಗಕ್ಕೆ ಈಗಲೂ ಸೆಟ್ಲಮೆಂಟ್ ಎಂದೇ ಹೆಸರು. ಸ್ವಾತಂತ್ರ್ಯ ಬಂದ ಮೇಲೆ, 1952ರಲ್ಲಿ ಈ ಕಾಯ್ದೆ ರದ್ದಾಯಿತು. ಆದರೆ ಜನರ ಮನಸ್ಸಿನ ಸಂಶಯ ಅಷ್ಟು ಬೇಗ ರದ್ದಾಗಲಿಲ್ಲ. ಊರಲ್ಲಿ ಏನಾದರೂ ಕಳುವಾದರೆ ಮೊದಲು ಇವರ ಗುಡಿಸಲ ಕಡೆಗೇ ಬೆರಳು ತೋರಿಸುವ ಚಾಳಿ ಉಳಿಯಿತು. ಹುಟ್ಟಿನಿಂದ ಯಾರೂ ಕಳ್ಳರಲ್ಲ. ಇದು ನಾವೆಲ್ಲ ತಿಳಿಯಬೇಕಾದ ಮಾತು.

1972ರ ಕಾಯ್ದೆ

ಹೊಟ್ಟೆಗಾಗಿ ಬೇಟೆಯಾಡುವವರು ಕೆಲವರೇ. ಮೋಜಿಗಾಗಿ ಬೇಟೆಯಾಡಿದವರು ಬಹಳ. ರಾಜರು, ಸಾಹೇಬರು, ಶ್ರೀಮಂತರು ಜೀಪು ಹತ್ತಿ, ಬಂದೂಕು ಹಿಡಿದು ಬಂದರು. ಅದರ ಜೊತೆಗೆ ಹುಲ್ಲುಗಾವಲು ಉಳುಮೆಯಾಯಿತು. ಚಿಗರಿ ಕಡಿಮೆಯಾದವು. ಚಿಗರಿಯನ್ನು ಅಟ್ಟಿ ಹಿಡಿಯುತ್ತಿದ್ದ ಚೀತಾ ಪ್ರಾಣಿ ನಮ್ಮ ದೇಶದಲ್ಲಿ ಇಲ್ಲವೇ ಇಲ್ಲ ಎಂದು 1952ರಲ್ಲಿ ಸರಕಾರವೇ ಸಾರಿತು. ಎರಿ ಬಯಲಿನ ದೊಡ್ಡ ಹಕ್ಕಿ ಎರೆಭೂತವೂ ಕಣ್ಣಿಗೆ ಬೀಳದಂತಾಯಿತು.

ಆಗ 1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂತು. ಚಿಗರಿ, ನವಿಲು, ಉಡ ಇವುಗಳಿಗೆ ಎಲ್ಲಕ್ಕಿಂತ ಬಿಗಿಯಾದ ರಕ್ಷಣೆ ಇದೆ. ಮೊಲ, ಗೌಜಗವನ್ನೂ ಹಿಡಿಯುವ ಹಾಗಿಲ್ಲ. ಚಿಗರಿ ಕೊಂದರೆ 3ರಿಂದ 7 ವರ್ಷ ಜೈಲು. ದಂಡ 25,000 ರೂಪಾಯಿಗೆ ಕಡಿಮೆ ಇಲ್ಲ. ಮಾಂಸ ತಿಂದವರೂ, ಕೊಂಬು ಮಾರಿದವರೂ ಸಿಕ್ಕಿಬೀಳುತ್ತಾರೆ. 1974ರಲ್ಲಿ ರಾಣೆಬೆನ್ನೂರಿನಲ್ಲಿ ಕೃಷ್ಣಮೃಗಕ್ಕಾಗಿಯೇ ಒಂದು ಅಭಯಾರಣ್ಯ ಆಯಿತು. ಆಗ ಅದು ನಮ್ಮದೇ ಜಿಲ್ಲೆಯಲ್ಲಿತ್ತು. 1997ರಿಂದ ಹಾವೇರಿ ಜಿಲ್ಲೆಗೆ ಸೇರಿದೆ.

ಕಾಯ್ದೆಯಿಂದ ಚಿಗರಿ ಉಳಿಯಿತು. ಆದರೆ ಅಜ್ಜನ ತಂದೆಗೆ ಕಸುಬು ಹೋಯಿತು. ಹೊಲ ಇರಲಿಲ್ಲ, ಅಕ್ಷರ ಇರಲಿಲ್ಲ. "ಉರುಲು ಸುಟ್ಟ ಹಾಕಿ ಕೂಲಿಗೆ ಹ್ವಾದ್ವಿ" ಎಂದರು ಅಜ್ಜ. ಅವರ ಮಗ ಈಗ ಗೌಂಡಿ ಕೆಲಸ ಮಾಡುತ್ತಾರೆ. ಮೊಮ್ಮಗ ಕಾಲೇಜು ಓದುತ್ತಾನೆ.

ಈಗ ರೈತರ ಕಷ್ಟ ಬೇರೆ. ಹಿಂಡು ಬಂದು ಹೆಸರು, ಕಡಲೆ, ಜೋಳದ ಎಳೆ ಬೆಳೆ ಮೇಯುತ್ತದೆ. ರೈತರಿಗೆ ಸಿಟ್ಟು ಬರುವುದು ಸಹಜ. ಆದರೆ ಉರುಲು ಹಾಕುವುದು, ವಿಷ ಇಡುವುದು, ಬೇಲಿಗೆ ಕರೆಂಟು ಕೊಡುವುದು ತಪ್ಪು. ಆ ಕರೆಂಟಿಗೆ ಚಿಗರಿಯಲ್ಲ, ನಸುಕಿನಲ್ಲಿ ಹೊಲಕ್ಕೆ ಬಂದ ಮನುಷ್ಯನೇ ಬಲಿಯಾದಾನು. ಹಾನಿಯಾದರೆ ಅರಣ್ಯ ಇಲಾಖೆಗೆ ಅರ್ಜಿ ಬರೆದುಕೊಡಬೇಕು. ಸರ್ವೇ ನಂಬರು, ಬೆಳೆ, ಹಾನಿಯಾದ ದಿನ, ಎಷ್ಟು ಎಕರೆ, ಎಲ್ಲ ಬರೆಯಬೇಕು. ಹೊಲದ ಫೋಟೋ ಹಚ್ಚಬೇಕು. ಅರ್ಜಿ ಕೊಟ್ಟದ್ದಕ್ಕೆ ಸ್ವೀಕೃತಿ ಪಡೆಯಬೇಕು.

ಇನ್ನೊಂದು ಸಂಗತಿ. ಮಳೆ ಹಿಡಿದರೆ ಎರಿ ಮಣ್ಣು ಅಂಟಾಗುತ್ತದೆ. ಚಿಗರಿಯ ಸಣ್ಣ ಗೊರಸು ಅದರಲ್ಲಿ ಹೂತು ಅದಕ್ಕೆ ಓಡಲು ಆಗುವುದಿಲ್ಲ. ಆಗ ನಾಯಿಗಳು ಹಿಡಿಯುತ್ತವೆ. ಅಂಥದ್ದನ್ನು ಕಂಡರೆ ನಾಯಿಗಳನ್ನು ದೂರ ಓಡಿಸಿ, ಅರಣ್ಯ ಇಲಾಖೆಯವರಿಗೆ ಸುದ್ದಿ ಮುಟ್ಟಿಸಿ.

ಕೆರೆಯ ದಂಡೆಯಲ್ಲಿ

ಈಗ ಕಲಘಟಗಿ ಕಡೆ ಹೋಗೋಣ. ಇಲ್ಲಿ ಬೇಡ್ತಿ ಹಳ್ಳ ಹರಿಯುತ್ತದೆ. ಪಡುವಲಕ್ಕೆ ಹರಿದು, ಮುಂದೆ ಗಂಗಾವಳಿ ಎಂಬ ಹೆಸರಿನಿಂದ ಸಮುದ್ರ ಸೇರುತ್ತದೆ. ಸುತ್ತ ಕೆರೆಗಳು. ಒಂದು ಕೆರೆಯ ಒಡ್ಡಿನ ಮೇಲೆ ಒಬ್ಬ ಹಿರಿಯರು ಗಾಳ ಹಾಕಿ ಕೂತಿದ್ದರು.

"ಏನ್ರಿ ಕಾಕಾ, ಮೀನ ಬಿತ್ತೇನ್ರಿ?"

"ಸಾವಕಾಶ ಮಾತಾಡ್ರಿ. ಮೀನಿಗೂ ಕಿವಿ ಅದಾವು."

ನಾವು ಸುಮ್ಮನೆ ಕೂತೆವು. ಬಿದಿರಿನ ಕೋಲು, ಗಟ್ಟಿ ದಾರ, ದಾರದ ನಡುವೆ ಬೆಂಡು, ತುದಿಗೆ ಗಾಳ. ಗಾಳಕ್ಕೆ ಎರೆಹುಳು. ಬೆಂಡು ಅಲುಗಿದರೆ ಮೀನು ಮೂಸಿ ನೋಡುತ್ತಿದೆ ಎಂದರ್ಥ. ಆಗ ಎಳೆಯಬಾರದು. ಬೆಂಡು ಪೂರಾ ಮುಳುಗಿದಾಗ ಎಳೆಯಬೇಕು. ಗಾಳದ ತುದಿಯಲ್ಲಿ ಹಿಂದಕ್ಕೆ ಬಾಗಿದ ಒಂದು ಸಣ್ಣ ಮುಳ್ಳಿದೆ. ಒಳಗೆ ಹೋಗುತ್ತದೆ, ಹೊರಗೆ ಬರುವುದಿಲ್ಲ.

ಕಾಕಾನ ದಿನ ನಸುಕಿನಲ್ಲೇ ಸುರುವಾಗುತ್ತದೆ. ರಾತ್ರಿ ಹಾಸಿದ ಬಲೆ ಎತ್ತಬೇಕು. ಮೀನು ಬಿಡಿಸಬೇಕು. ಹೊತ್ತು ಏರುವುದರೊಳಗೆ ಕಾಕೂ ಬುಟ್ಟಿ ಹೊತ್ತು ಮಾರಲು ಹೋಗಬೇಕು. ಬಿಸಿಲಿಗೆ ಮೀನು ತಡೆಯುವುದಿಲ್ಲ. ಮಧ್ಯಾಹ್ನ ರೊಟ್ಟಿ ತಿಂದು ಹರಿದ ಬಲೆ ಹೊಲಿಯುವುದು. ಸಂಜೆ ಮತ್ತೆ ಬಲೆ ಹಾಸುವುದು. ಹಳ್ಳದಲ್ಲಿ ಬಿದಿರಿನ ಕೂಳಿ ಇಡುತ್ತಾರೆ. ಅದರ ಬಾಯಿ ಅಗಲ, ಒಳಗೆ ಇಕ್ಕಟ್ಟು. ನೀರಿನ ಜೊತೆ ಒಳಗೆ ಹೋದ ಮೀನಿಗೆ ಹೊರಗೆ ಬರುವ ದಾರಿ ಇಲ್ಲ.

ಕೆರೆಯಲ್ಲಿ ಸಾಕುವ ಮುಖ್ಯ ಮೀನು ಮೂರು. ಕಾಟ್ಲಾ ನೀರಿನ ಮೇಲ್ಭಾಗದಲ್ಲಿ ಮೇಯುತ್ತದೆ. ರೋಹು ನಡುವೆ ಮೇಯುತ್ತದೆ. ಮೃಗಾಲ ತಳದಲ್ಲಿ ಮೇಯುತ್ತದೆ. ಒಂದೇ ಮನೆಯಲ್ಲಿ ಮೂರು ಪಂಕ್ತಿ ಊಟ! ಜಗಳ ಇಲ್ಲ. ಅದಕ್ಕೇ ಮೂರನ್ನೂ ಕೂಡಿಸಿ ಬಿಡುತ್ತಾರೆ. ಆದರೆ ಇವು ನಿಂತ ನೀರಿನಲ್ಲಿ ಮೊಟ್ಟೆ ಇಡುವುದಿಲ್ಲ. ಮಳೆಗಾಲದ ಹರಿಯುವ ಹೊಳೆಯೇ ಬೇಕು. ಹಾಗಾಗಿ ಪ್ರತಿ ವರ್ಷ ಮೀನುಮರಿ ತಂದು ಕೆರೆಗೆ ಬಿಡಬೇಕು.

ಹಾವಿನ ತಲೆಯಂಥ ತಲೆ ಇರುವ ಕೊರವ ಮೀನು ಹಾಗಲ್ಲ. ಅದು ಕೆರೆಯಲ್ಲೇ ಮೊಟ್ಟೆ ಇಡುತ್ತದೆ. ಕೆಂಪು ಮರಿಗಳು ಗುಂಪಾಗಿ ತೇಲುತ್ತವೆ. ತಂದೆತಾಯಿ ಮೀನು ಕೆಳಗೆ ಕಾವಲು ಇರುತ್ತವೆ. ಆಗ ತಾಯಿಯನ್ನು ಹಿಡಿದರೆ ಮರಿಗಳೆಲ್ಲ ಬೇರೆ ಮೀನಿನ ಬಾಯಿಗೆ ಹೋಗುತ್ತವೆ.

ಮೊದಲ ಮಳೆಗೆ ಹಳ್ಳ ಬಂದಾಗ ಮೀನು ನೀರಿಗೆ ಎದುರಾಗಿ ಹತ್ತುತ್ತವೆ. ಹೊಟ್ಟೆ ತುಂಬ ಮೊಟ್ಟೆ. ಒಂದು ಕಿಲೋ ತೂಗುವ ರೋಹು ಮೀನಿನಲ್ಲಿ 2 ಲಕ್ಷಕ್ಕೂ ಹೆಚ್ಚು ಮೊಟ್ಟೆ ಇರುತ್ತವೆ. ಆ ದಿನ ಒಂದು ಮೀನು ಹಿಡಿದರೆ ಅಷ್ಟು ಮೊಟ್ಟೆ ಹೋದವು ಎಂದೇ ಲೆಕ್ಕ. ಒಂದೆರಡು ತಿಂಗಳು ತಡೆದರೆ ಆಮೇಲೆ ಎಲ್ಲರಿಗೂ ಸಿಗುತ್ತದೆ.

ಕೆಲವರಿಗೆ ತಾಳ್ಮೆ ಇಲ್ಲ. ನೀರಿಗೆ ತೋಟೆ ಸಿಡಿಸುತ್ತಾರೆ. ಬೆಳೆಗೆ ಹೊಡೆಯುವ ಎಣ್ಣೆ ಸುರಿಯುತ್ತಾರೆ. ದೊಡ್ಡ ಮೀನಿನ ಜೊತೆ ಮರಿ, ಮೊಟ್ಟೆ ಎಲ್ಲ ನಾಶ. ಕೈ ಕಳೆದುಕೊಂಡವರೂ ಇದ್ದಾರೆ. 1897ರ ಕಾಯ್ದೆಯಲ್ಲೇ ಇದಕ್ಕೆ ನಿಷೇಧ ಇದೆ. ಅದರಲ್ಲೂ ನವಲಗುಂದ, ಅಣ್ಣಿಗೇರಿ ಕಡೆಯ ಎಷ್ಟೋ ಊರಿನವರು ಕೆರೆಯ ನೀರನ್ನೇ ಕುಡಿಯುತ್ತಾರೆ. ಕೆರೆಗೆ ವಿಷ ಹಾಕಿದರೆ ಊರಿನ ಕೊಡಕ್ಕೇ ವಿಷ ಹಾಕಿದ ಹಾಗೆ.

ಹೆಬ್ಬೆಟ್ಟಿನ ಕಥೆ

ಬೆಂಡು ಮುಳುಗಿತು. ಕಾಕಾ ಕೋಲು ಎತ್ತಿದರು. ಅರ್ಧ ಕಿಲೋದ ಮೀನು. ಆಮೇಲೆ ಮಾತಿಗೆ ಬಂದರು.

"ಆವಾಗ ಕೆರಿ ಗುತ್ತಿಗಿ ಹಿಡದಾಂವ ಹೊರಗಿನಾಂವ. ಹಿಡದ ಮೀನಿನಾಗ ನಿಮಗ ಅರ್ಧ ಪಾಲು ಅಂದ. ಹೆಬ್ಬೆಟ್ಟ ಒತ್ತಿಸಿಕೊಂಡ. ಲೆಕ್ಕಾ ಮಾಡೂಮುಂದ ಮೂರನೇ ಒಂದ ಪಾಲು ಕೊಟ್ಟ. ಯಾಕ ಅಂದ್ರ ಕಾಗದಾ ತೋರಿಸಿದ. ನಮ್ಮ ಮೊಮ್ಮಗಳು ಓದಿದ್ಲು. ಕಾಗದದಾಗ ಹಂಗ ಇತ್ತು. ನನ್ನ ಹೆಬ್ಬೆಟ್ಟೂ ಅಲ್ಲೇ ಇತ್ತು."

ಒಂದು ವರ್ಷದ ದುಡಿಮೆ ಹೋಯಿತು. ಕಾಕಾ ಅತ್ತು ಕೂಡಲಿಲ್ಲ. ಮೊಮ್ಮಗಳ ಪಾಟಿ ತಗೊಂಡು ಅಕ್ಷರ ತಿದ್ದಿದರು. ತಕ್ಕಡಿಯ ಲೆಕ್ಕ ಕಲಿತರು. ಈಗ ಅವರು, ಅವರ ಓಣಿಯ ಜನ ಕೂಡಿ ಸಹಕಾರಿ ಸಂಘಕ್ಕೆ ಸೇರಿದ್ದಾರೆ. ಸಣ್ಣ ಕೆರೆಯ ಗುತ್ತಿಗೆಗೆ ಗ್ರಾಮ ಪಂಚಾಯತಿಯಲ್ಲಿ ಕೇಳಬೇಕು. ದೊಡ್ಡ ಕೆರೆಗೆ ಮೀನುಗಾರಿಕೆ ಇಲಾಖೆಯಲ್ಲಿ ಕೇಳಬೇಕು. ಗುತ್ತಿಗೆ ಎಷ್ಟು ವರ್ಷ, ಹಣ ಎಷ್ಟು, ಪಾಲು ಎಷ್ಟು, ಮೀನುಮರಿ ತರುವವರು ಯಾರು, ಇವೆಲ್ಲ ಓದಿಯೇ ಸಹಿ ಮಾಡಬೇಕು.

"ಈಗ ಸಹಿ ಮಾಡತೇನ್ರಿ. ಆದ್ರ ಓದದ ಮಾಡೂದಿಲ್ಲ" ಎಂದರು ಕಾಕಾ.

ಹಿಮದ ನಾಡಿನಲ್ಲಿ

ನಮ್ಮಲ್ಲಿ ಮಳೆ ಬರದಿದ್ದರೆ ಕಷ್ಟ. ಮಳೆಯೇ ಹಿಮವಾಗಿ ಬೀಳುವ ನಾಡಿನಲ್ಲಿ? ಹಿಮ ಎಷ್ಟು ಕಠಿಣ ಎಂಬುದು ನಮ್ಮ ಜಿಲ್ಲೆಗೆ 2016ರಲ್ಲಿ ಗೊತ್ತಾಯಿತು. ಕುಂದಗೋಳ ತಾಲೂಕಿನ ಬೆಟದೂರಿನ ಯೋಧ ಹನುಮಂತಪ್ಪ ಕೊಪ್ಪದ ಸಿಯಾಚಿನ್‌ನಲ್ಲಿ ದೇಶ ಕಾಯುತ್ತಿದ್ದರು. ಫೆಬ್ರುವರಿ 3ರಂದು ಹಿಮದ ಗುಡ್ಡ ಕುಸಿದು 10 ಯೋಧರು ಹೂತುಹೋದರು. ಆರು ದಿನಗಳ ಮೇಲೆ, ಸುಮಾರು 25 ಅಡಿ ಹಿಮದ ಕೆಳಗೆ, ಹನುಮಂತಪ್ಪ ಒಬ್ಬರೇ ಜೀವಂತ ಸಿಕ್ಕರು. ಇಡೀ ದೇಶ ಅವರಿಗಾಗಿ ಬೇಡಿಕೊಂಡಿತು. ಫೆಬ್ರುವರಿ 11ರಂದು ದಿಲ್ಲಿಯ ಆಸ್ಪತ್ರೆಯಲ್ಲಿ ಅವರು ತೀರಿಕೊಂಡರು.

ಅಂಥ ಹಿಮದಲ್ಲಿ ಸಾವಿರಾರು ವರ್ಷಗಳಿಂದ ಬದುಕಿದ ಜನರಿದ್ದಾರೆ. ಅವರಿಗೆ ಇನುಯಿಟ್ ಎಂದು ಹೆಸರು. ಹಾಗೆಂದರೆ ಅವರ ಮಾತಿನಲ್ಲಿ 'ಜನರು' ಎಂದೇ ಅರ್ಥ. ಭೂಮಿಯ ಬಡಗಣ ತುದಿಯಲ್ಲಿ, ಗ್ರೀನ್‌ಲ್ಯಾಂಡ್, ಕೆನಡಾ, ಅಲಾಸ್ಕಾದಲ್ಲಿ ಇದ್ದಾರೆ. ಚಳಿಗಾಲದಲ್ಲಿ ಕೆಲವು ಕಡೆ ವಾರಗಟ್ಟಲೆ ಸೂರ್ಯ ಹುಟ್ಟುವುದೇ ಇಲ್ಲ. ಸಮುದ್ರವೇ ಹೆಪ್ಪುಗಟ್ಟುತ್ತದೆ. ಜೋಳ ಇಲ್ಲ, ಭತ್ತ ಇಲ್ಲ, ಕಾಯಿಪಲ್ಲೆ ಇಲ್ಲ. ಬೇಟೆ ಮತ್ತು ಮೀನೇ ಆಹಾರ.

ಅಲ್ಲಿಯ ಮೀನುಗಾರ ಕೆರೆಯ ಮೇಲೆ ನಡೆದು ಹೋಗುತ್ತಾನೆ! ನೀರು ಕಲ್ಲಿನಂತೆ ಗಟ್ಟಿಯಾಗಿರುತ್ತದೆ. ಅದರಲ್ಲಿ ತೂತು ಕೊರೆದು ಗಾಳ ಇಳಿಬಿಡುತ್ತಾನೆ. ಮೀನು ಅಲ್ಲಿ ಹೇಗೆ ಬದುಕಿರುತ್ತದೆ? ಇದು ನೀರಿನ ವಿಶೇಷ ಗುಣ. ನೀರು 4 ಡಿಗ್ರಿ ತಂಪಿನಲ್ಲಿ ಎಲ್ಲಕ್ಕಿಂತ ಭಾರ. ಅದು ತಳಕ್ಕೆ ಹೋಗುತ್ತದೆ. ಇನ್ನೂ ತಣ್ಣಗಾದ ನೀರು ಹಗುರಾಗಿ ಮೇಲೆ ಬಂದು ಮಂಜುಗಡ್ಡೆಯಾಗುತ್ತದೆ. ಆ ಗಡ್ಡೆ ಕೌದಿಯಂತೆ ಕೆರೆಯನ್ನು ಹೊದೆಯುತ್ತದೆ. ಕೆಳಗೆ ನೀರು ನೀರಾಗಿಯೇ ಉಳಿಯುತ್ತದೆ.

ಸೀಲ್ ಎಂಬ ಸಮುದ್ರದ ಪ್ರಾಣಿ ಉಸಿರಿಗಾಗಿ ಮೇಲೆ ಬರಲೇಬೇಕು. ಅದು ಮಂಜಿನಲ್ಲಿ ಉಗುರಿನಿಂದ ತೂತು ಮಾಡಿಕೊಂಡಿರುತ್ತದೆ. ಬೇಟೆಗಾರ ಆ ತೂತಿನ ಮುಂದೆ ತಾಸುಗಟ್ಟಲೆ ಅಲುಗಾಡದೆ ನಿಲ್ಲುತ್ತಾನೆ. ಕಾಲು ಸಪ್ಪಳವಾದರೂ ಸೀಲ್ ಓಡಿಹೋಗುತ್ತದೆ. ಸಿಕ್ಕರೆ ಮಾಂಸ ಊಟಕ್ಕೆ, ಕೊಬ್ಬು ದೀಪಕ್ಕೆ, ಚರ್ಮ ಬಟ್ಟೆಗೆ. ಏನೂ ಹಾಳಾಗುವುದಿಲ್ಲ. ಸಿಕ್ಕ ಬೇಟೆಯನ್ನು ಎಲ್ಲ ಮನೆಗೂ ಹಂಚುತ್ತಾರೆ. ಇಂದು ಇವನಿಗೆ ಸಿಕ್ಕಿದೆ, ನಾಳೆ ಅವನಿಗೆ ಸಿಕ್ಕೀತು.

ಬೇಟೆಗಾರನ ಜೀವ ಹೆಂಡತಿಯ ಸೂಜಿಯಲ್ಲಿದೆ. ಜಿಂಕೆ ಜಾತಿಯ ಕ್ಯಾರಿಬೂ ಪ್ರಾಣಿಯ ಚರ್ಮದಿಂದ ಎರಡು ಅಂಗಿ ಹೊಲಿಯುತ್ತಾಳೆ. ಒಂದರ ಕೂದಲು ಒಳಕ್ಕೆ, ಇನ್ನೊಂದರ ಕೂದಲು ಹೊರಕ್ಕೆ. ಹೊಲಿಗೆ ಬಿಟ್ಟರೆ ಗಂಡ ಮನೆಗೆ ಬರಲಾರ. ಹಿಮದ ಬೆಳಕು ಕಣ್ಣು ಕುಕ್ಕುತ್ತದೆ. ಅದಕ್ಕೆ ಎಲುಬಿನ ಕನ್ನಡಕ. ಅದರಲ್ಲಿ ಗಾಜಿಲ್ಲ, ಸಣ್ಣ ಸೀಳು ಮಾತ್ರ.

ಈಗ ಅವರೂ ಮರದ ಮನೆಯಲ್ಲಿ ಇರುತ್ತಾರೆ. ನಾಯಿಬಂಡಿಯ ಬದಲು ಹಿಮದ ಮೇಲೆ ಓಡುವ ಮೋಟಾರ್ ಗಾಡಿ ಬಂದಿದೆ. ಕೈಯಲ್ಲಿ ಬಂದೂಕು ಇದೆ. ಆದರೆ ಹೊಸ ಆಪತ್ತೂ ಬಂದಿದೆ. ಭೂಮಿ ಬಿಸಿಯಾಗುತ್ತಿದೆ. ಮಂಜು ತಡವಾಗಿ ಕಟ್ಟುತ್ತದೆ, ಬೇಗ ಒಡೆಯುತ್ತದೆ. ಅಜ್ಜ ನಡೆದ ದಾರಿಯಲ್ಲಿ ಮೊಮ್ಮಗ ನಡೆದರೆ ನೀರಿಗೆ ಬೀಳುವ ಭಯ. ನೆಲ ಓದಿದ ನಮ್ಮ ಅಜ್ಜನ ಹಾಗೆ ಅವರು ಮಂಜು ಓದುತ್ತಿದ್ದರು. ಈಗ ಆ ಓದು ಮೋಸ ಮಾಡುತ್ತಿದೆ.

ಅವರ ಅಕ್ಷರದ ಕಥೆಯೂ ಚೆಂದ. ಕೆನಡಾದ ಇನುಯಿಟ್ ಜನರಲ್ಲಿ ಹಲವರ ಲಿಪಿಯಲ್ಲಿ ನಮ್ಮ ಕಾಗುಣಿತದಂಥದೇ ಲೆಕ್ಕವಿದೆ. ನಾವು ಕ, ಕಿ, ಕು ಬರೆಯಲು ಗುಡಿಸು, ಕೊಂಬು ಹಚ್ಚುತ್ತೇವೆ. ಅವರು ಅಕ್ಷರವನ್ನೇ ಬೇರೆ ದಿಕ್ಕಿಗೆ ತಿರುಗಿಸುತ್ತಾರೆ. ಅದನ್ನು ಅವರು ಹೆಚ್ಚಾಗಿ ಸಾಲೆಯಲ್ಲಿ ಕಲಿಯಲಿಲ್ಲ. ತಾಯಿ ಮಗುವಿಗೆ, ಗೆಳೆಯ ಗೆಳೆಯನಿಗೆ ಕಲಿಸುತ್ತ ಹೋದರು. 1999ರ ಏಪ್ರಿಲ್ 1ರಂದು ಕೆನಡಾದಲ್ಲಿ ನುನಾವುಟ್ ಎಂಬ ಅವರದೇ ಪ್ರದೇಶ ಆಯಿತು. 'ನಮ್ಮ ನೆಲ' ಎಂದು ಅದರ ಅರ್ಥ.

ಹಿಮದಿಂದ ಬರುವ ನೆಂಟರು

ಹಿಮದ ನಾಡಿಗೂ ನಮಗೂ ನಂಟಿದೆ. ಗದಗ ಜಿಲ್ಲೆ ಶಿರಹಟ್ಟಿ ತಾಲೂಕಿನ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಹೋಗಿ ನೋಡಿ. ತಲೆಯ ಮೇಲೆ ಎರಡು ಕಪ್ಪು ಪಟ್ಟೆ ಇರುವ ಹೆಬ್ಬಾತುಗಳು ಬಂದಿರುತ್ತವೆ. ಟಿಬೆಟ್, ಮಂಗೋಲಿಯಾ ಕಡೆಯಿಂದ ಹಿಮಾಲಯ ದಾಟಿ ಬಂದ ಹಕ್ಕಿಗಳು ಅವು. ಅಲ್ಲಿ ಹಿಮ ಬಿದ್ದಾಗ ಇಲ್ಲಿ ಮೇವು ಹುಡುಕುತ್ತವೆ. ಸುತ್ತಲಿನ ಹೊಲಗಳಲ್ಲಿ ಮೇಯುತ್ತವೆ. ಆದರೂ ಊರವರು ಅವನ್ನು ಹೊಡೆಯುವುದಿಲ್ಲ. ಮನೆಗೆ ಬಂದ ನೆಂಟರ ಹಾಗೆ ಕಾಣುತ್ತಾರೆ. 2024ರಲ್ಲಿ ಮಾಗಡಿ ಕೆರೆ ಜಗತ್ತಿನ ಮಹತ್ವದ ನೀರುತಾಣಗಳ ಪಟ್ಟಿಯಾದ ರಾಮ್ಸಾರ್ ಪಟ್ಟಿಗೆ ಸೇರಿತು.

ಎರಿ ನಾಡಿನ ಶಿಕಾರಿ, ಕಲಘಟಗಿಯ ಕಾಕಾ, ಹಿಮದ ನಾಡಿನ ಬೇಟೆಗಾರ, ಮೂವರ ಪಾಠವೂ ಒಂದೇ. ಬೇಕಾದಷ್ಟು ತಗೋ, ಉಳಿದದ್ದು ಬಿಡು. ತಾಯಿಯನ್ನು ಕೊಲ್ಲಬೇಡ. ಸಿಕ್ಕದ್ದನ್ನು ಹಂಚಿ ತಿನ್ನು. ಕಾಲ ಬದಲಾದಾಗ ಹೊಸ ವಿದ್ಯೆ ಕಲಿ.

ನೆನಪಿನಲ್ಲಿ ಇಡೋಣ

ಚಿಗರಿ, ಮೊಲ, ಹಕ್ಕಿ ಹಿಡಿಯುವುದು ಅಪರಾಧ.
ಮೊದಲ ಮಳೆಗೆ ಹತ್ತುವ ಮೀನು ಹಿಡಿಯಬಾರದು.
ಕೆರೆಗೆ ತೋಟೆ, ವಿಷ ಹಾಕಬಾರದು.
ಓದದೆ ಸಹಿ ಮಾಡಬಾರದು.

ಕೂಡಿ ಮಾತಾಡೋಣ

1. ನಿಮ್ಮ ಊರಿನಲ್ಲಿ ಬೇಟೆಯ ಕಸುಬಿನ ಮನೆತನಗಳು ಇದ್ದವೇ? ಅವರು ಈಗ ಏನು ಮಾಡುತ್ತಾರೆ?
2. ನಿಮ್ಮ ಊರ ಕೆರೆ ಯಾರ ಗುತ್ತಿಗೆಯಲ್ಲಿದೆ? ಹಣ ಎಲ್ಲಿಗೆ ಹೋಗುತ್ತದೆ? ಪಂಚಾಯತಿಯಲ್ಲಿ ಕೇಳಿ ಬನ್ನಿ.
3. ಚಿಗರಿಯಿಂದ ಬೆಳೆ ಹಾನಿಯಾಗಿದೆ ಎಂದು ಅರಣ್ಯ ಇಲಾಖೆಗೆ ಒಂದು ಅರ್ಜಿ ಬರೆಯಿರಿ. ಬರೆದದ್ದನ್ನು ಎಲ್ಲರ ಮುಂದೆ ಓದಿ.